ಬಟ್ಟೆಯ ಕುಂಡ: ಹೊಲಿಯುವ ಮುನ್ನ, ಹೊಲಿದ ಮೇಲೆ

ಬಟ್ಟೆಯ ಕುಂಡವನ್ನು ಮನೆಯಲ್ಲೇ ಹೊಲಿದುಕೊಳ್ಳಬೇಕೆಂದು ನನ್ನಲ್ಲಿ ಸಲಹೆ ಕೇಳುವವರಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ, ಹಳೆಯ ಜೀನ್ಸ್ ಪ್ಯಾಂಟಿನ ಬಟ್ಟೆ ಆಗುತ್ತದೆಯೇ ಎಂಬುದು. ಆಗುತ್ತದೆ, ಆದರೆ ಒಂದು ಬೆಳೆಗೆ ಮಾತ್ರ. ಹತ್ತಿ ಮತ್ತು ಸೆಣಬು ಎರಡೂ ಸೆಲ್ಯುಲೋಸಿನ ನಾರುಗಳು. ಹಸಿ ಮಣ್ಣಿನ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಗಳಿಗೆ ಉದುರಿದ ಎಲೆ ಹೇಗೆ ಆಹಾರವೋ ಈ ಬಟ್ಟೆಯೂ ಹಾಗೆಯೇ ಆಹಾರ. ಮಣ್ಣಿನಲ್ಲಿ ಜೀವಿಗಳ ಚಟುವಟಿಕೆ ಎಷ್ಟಿದೆಯೆಂದು ತಿಳಿಯಲು ಹತ್ತಿಯ ಬಟ್ಟೆಯೊಂದನ್ನು ಸುಮಾರು 2 ತಿಂಗಳು ಹೂತಿಟ್ಟು, ಅಗೆದು ತೆಗೆದು, ಎಷ್ಟು ಉಳಿದಿದೆಯೆಂದು ನೋಡುವ ಸರಳ ಪರೀಕ್ಷೆಯೊಂದು ಕೃಷಿಕರಲ್ಲಿ ಬಳಕೆಯಲ್ಲಿದೆ. ಮಣ್ಣು ಜೀವಂತವಾಗಿದ್ದಷ್ಟೂ ಬಟ್ಟೆ ಚಿಂದಿಯಾಗಿರುತ್ತದೆ. ಕುಂಡಕ್ಕೆ ನಾವು ತುಂಬುವುದು ಗೊಬ್ಬರ ಬೆರೆತ ಅಂಥದೇ ಮಣ್ಣನ್ನು, ಅದನ್ನು ದಿನವೂ ಒದ್ದೆ ಮಾಡುತ್ತೇವೆ ಕೂಡ. ಹಾಗಾಗಿ ಜೀನ್ಸ್ ಅಥವಾ ಗೋಣಿಯ ಕುಂಡದಲ್ಲಿ ಕೆಲವೇ ತಿಂಗಳಲ್ಲಿ ಮುಗಿಯುವ ಸೊಪ್ಪು, ಮೂಲಂಗಿಯಂಥವನ್ನು ಬೆಳೆಯಬಹುದೇ ಹೊರತು, ವರ್ಷಗಟ್ಟಲೆ ನಿಲ್ಲಬೇಕಾದ ನಿಂಬೆಯ ಗಿಡವನ್ನಲ್ಲ.

ಯಾವ ಬಟ್ಟೆ ಎಂಬುದಕ್ಕಿಂತ ಮೊದಲು ಬಟ್ಟೆ ಏಕೆ ಎಂಬುದನ್ನು ನೋಡಬೇಕು. ಪ್ಲಾಸ್ಟಿಕ್ ಕುಂಡದಲ್ಲಿ ಬೇರು ಗೋಡೆಗೆ ತಾಗಿದೊಡನೆ ದಾರಿ ಕಾಣದೆ ಪಕ್ಕಕ್ಕೆ ತಿರುಗುತ್ತದೆ, ಗೋಡೆಯ ಗುಂಟವೇ ಸುತ್ತುತ್ತ ಹೋಗುತ್ತದೆ. ಬಟ್ಟೆಯ ಕುಂಡದಲ್ಲಿ ಅದೇ ಬೇರಿನ ತುದಿ ನೂಲುಗಳ ನಡುವೆ ತೂರಿ ಒಣ ಗಾಳಿಗೆ ಬಂದು ಒಣಗುತ್ತದೆ. ತುದಿ ಸತ್ತ ಬೇರು ಹಿಂದಿನಿಂದ ಕವಲೊಡೆಯುತ್ತದೆ. ಚಿಗುರು ಚಿವುಟಿದ ಗಿಡ ಪಕ್ಕದ ರೆಂಬೆಗಳನ್ನು ಬಿಡುವಂತೆಯೇ ಇದೂ. ತೋಟಗಾರಿಕೆಯಲ್ಲಿ ಇದನ್ನು ಏರ್ ಪ್ರೂನಿಂಗ್ ಎನ್ನುತ್ತಾರೆ, ಎಂದರೆ ಗಾಳಿಯೇ ಬೇರನ್ನು ಸವರುವುದು. ಅಮೆರಿಕದ ಸಸ್ಯವಿಜ್ಞಾನಿ ಕಾರ್ಲ್ ವಿಟ್‌ಕಂಬ್ ತಳವಿಲ್ಲದ ಹಾಲಿನ ಪೆಟ್ಟಿಗೆಗಳಲ್ಲಿ ಸಸಿ ಬೆಳೆಸಿ ಈ ಗುಣವನ್ನು ಪರೀಕ್ಷಿಸಿದ್ದು 1960ರ ದಶಕದ ಕೊನೆಯಲ್ಲಿ. ಬಟ್ಟೆಯ ಕುಂಡ ಅದೇ ತತ್ವವನ್ನು ತಳಕ್ಕಷ್ಟೇ ಅಲ್ಲದೆ ಸುತ್ತಲಿನ ಗೋಡೆಗೂ ಅನ್ವಯಿಸುತ್ತದೆ.

ತರಬೇತಿಗೆ ಬಂದವರಿಗೆ ನಾನು ಎರಡು ಬೇರುಂಡೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ತೋರಿಸುತ್ತೇನೆ. ಎರಡೂ ಒಂದೇ ದಿನ ನೆಟ್ಟ ದಾಸವಾಳದವು. ಪ್ಲಾಸ್ಟಿಕ್ಕಿನಿಂದ ತೆಗೆದ ಉಂಡೆಯ ಮೇಲೆ ಪೆನ್ಸಿಲಿನಷ್ಟು ದಪ್ಪದ ಎರಡು ಬೇರುಗಳು ಬಳೆಯಂತೆ ಸುತ್ತಿಕೊಂಡಿರುತ್ತವೆ, ತಳದಲ್ಲಿ ಬೇರಿನ ಚಾಪೆಯೇ ಹೆಣೆದುಕೊಂಡಿರುತ್ತದೆ, ಚಾಕುವಿನಿಂದ ಸೀಳಿದರೆ ನಡುವಿನ ಮಣ್ಣಿನಲ್ಲಿ ಬೇರೇ ಕಾಣುವುದಿಲ್ಲ. ಬಟ್ಟೆಯಿಂದ ತೆಗೆದದ್ದನ್ನು ಸೀಳಿದಾಗ ಮಣ್ಣು ಪುಡಿಯಾಗಿ ಬೀಳುವುದೇ ಇಲ್ಲ. ನಡುವಿನಿಂದ ಅಂಚಿನವರೆಗೂ ದಾರದಂಥ ಸಣ್ಣ ಬೇರುಗಳು ಅದನ್ನು ಹಿಡಿದುಕೊಂಡಿರುತ್ತವೆ. ಈ ವ್ಯತ್ಯಾಸ ನಿಜಕ್ಕೂ ಮುಖ್ಯವಾಗುವುದು ಹೂವಿನ ಪೊದೆ, ಹಣ್ಣಿನ ಗಿಡಗಳಂಥ ಬಹುವಾರ್ಷಿಕಗಳಲ್ಲಿ. ಸುತ್ತಿಕೊಂಡ ಬೇರು ದಪ್ಪವಾಗುತ್ತ ಮುಂದೊಂದು ದಿನ ಕಾಂಡದ ಬುಡವನ್ನೇ ಬಿಗಿಯಬಲ್ಲದು. ಮೂರು ತಿಂಗಳ ಸೊಪ್ಪಿಗೆ ಬೇರಿನ ಈ ಲಾಭ ಅಷ್ಟೇನೂ ದೊಡ್ಡದಲ್ಲ. ಟೊಮ್ಯಾಟೊ, ಮೆಣಸಿನ ಗಿಡಗಳಿಗೆ ನೀರು ನಿಲ್ಲದಿರುವುದು ಮತ್ತು ಬೇರು ಕಾಯದಿರುವುದು ಅದಕ್ಕಿಂತ ಹೆಚ್ಚಿನ ಉಪಕಾರ. ಬಿಸಿಲಿಗೆ ಮೈಯೊಡ್ಡಿದ ಕಪ್ಪು ಪ್ಲಾಸ್ಟಿಕ್ ಕುಂಡದ ಗೋಡೆಗೆ ಅಂಟಿದ ಮಣ್ಣು 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು, ಆ ಬಿಸಿಯಲ್ಲಿ ಅಲ್ಲಿನ ಬೇರುಗಳು ಸಾಯುತ್ತವೆ. ಬಟ್ಟೆಯ ಮೈಯಿಂದ ನೀರು ಸದಾ ಆವಿಯಾಗುತ್ತಿರುವುದರಿಂದ ಒಳಗಿನ ಮಣ್ಣು ತಂಪಾಗಿ ಉಳಿಯುತ್ತದೆ.

ಆದರೆ ಆ ತಂಪಿಗೆ ಬೆಲೆ ತೆರುವುದು ನೀರಿನ ರೂಪದಲ್ಲಿ, ಮನೆಯಲ್ಲಿ ಹೊಲಿಯುವವರು ಎಡವುವುದೂ ಇಲ್ಲಿಯೇ. 30 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ದುಂಡನೆಯ ಕುಂಡದಲ್ಲಿ ಸುಮಾರು 21 ಲೀಟರ್ ಹಿಡಿಯುತ್ತದೆ. ಅಗಲ, ಎತ್ತರ ಎರಡನ್ನೂ ಅರ್ಧಕ್ಕಿಳಿಸಿದರೆ ಹಿಡಿಯುವುದು ಸುಮಾರು 2.6 ಲೀಟರ್, ಎಂದರೆ ಎಂಟನೆಯ ಒಂದು ಭಾಗ. ಆದರೆ ಗೋಡೆಯ ವಿಸ್ತೀರ್ಣ ನಾಲ್ಕನೆಯ ಒಂದು ಭಾಗಕ್ಕೆ ಮಾತ್ರ ಇಳಿಯುತ್ತದೆ. ಸಣ್ಣ ಕುಂಡದ ಪ್ರತಿ ಲೀಟರ್ ಮಣ್ಣಿಗೆ ದೊಡ್ಡದರ ಎರಡರಷ್ಟು ಗೋಡೆ ಇದ್ದಂತಾಯಿತು, ಒಣಗುವ ವೇಗವೂ ಸರಿಸುಮಾರು ಹಾಗೆಯೇ. ಮಿಕ್ಕ ಚಿಂದಿಗಳಿಂದ ಮುದ್ದಾದ ಪುಟ್ಟ ಕುಂಡಗಳನ್ನು ಹೊಲಿದು, ಬೇಸಗೆಯ ಎರಡೇ ವಾರಗಳಲ್ಲಿ ಗಿಡಗಳನ್ನು ಕಳೆದುಕೊಂಡು ಬೇಸರಿಸಿದವರನ್ನು ನಾನು ಸಾಕಷ್ಟು ನೋಡಿದ್ದೇನೆ. 10 ಲೀಟರಿಗಿಂತ ಚಿಕ್ಕದನ್ನು ಬಟ್ಟೆಯಲ್ಲಿ ಮಾಡಬೇಡಿ ಎಂಬುದು ನನ್ನ ಖಚಿತ ಸಲಹೆ. ಅಷ್ಟು ಸಣ್ಣ ಗಿಡಕ್ಕೆ ಮಣ್ಣಿನ ಅಥವಾ ಪ್ಲಾಸ್ಟಿಕ್ಕಿನ ಕುಂಡವೇ ಸರಿ.

ಬಟ್ಟೆಯ ವಿಷಯಕ್ಕೆ ಬಂದರೆ, ಸೂಜಿಗಳಿಂದ ಚುಚ್ಚಿ ಚುಚ್ಚಿ ನಾರುಗಳನ್ನು ಒಂದಕ್ಕೊಂದು ಸಿಕ್ಕಿಸಿ ಮಾಡಿದ, ಕಂಬಳಿಯಂತೆ ಕಾಣುವ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ನಾನ್‌ವೋವನ್ ಬಟ್ಟೆ ಎಲ್ಲಕ್ಕಿಂತ ಉತ್ತಮ. ಜಿಯೋಟೆಕ್ಸ್‌ಟೈಲ್ ಎಂಬ ಹೆಸರಿನಲ್ಲಿ ರಸ್ತೆ, ಚರಂಡಿಗಳ ಕೆಲಸಕ್ಕೆ ಬಳಸುವುದು ಇದನ್ನೇ. ಚದರ ಮೀಟರಿಗೆ 200ರಿಂದ 300 ಗ್ರಾಂ ತೂಗುವಂಥದು 20 ಲೀಟರಿನ ಕುಂಡಕ್ಕೆ ಸಾಕು. ಕಳೆ ತಡೆಯಲು ನೆಲಕ್ಕೆ ಹಾಸುವ ತೆಳ್ಳನೆಯ ಬಟ್ಟೆ ಹಸಿ ಮಣ್ಣಿನ ಭಾರಕ್ಕೆ ಜೋತುಬೀಳುತ್ತದೆ. ಪ್ಲಾಸ್ಟಿಕ್ ಎಳೆಗಳಲ್ಲಿ ನೇಯ್ದ ಹಳೆಯ ಚೀಲಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಬಿಸಿಲಿನ ಅತಿನೇರಳೆ ಕಿರಣಗಳಿಗೆ ಅವು ಬೇಗ ಪೆಡಸಾಗಿ ಪುಡಿಯಾಗುತ್ತವೆ, ಆ ಪುಡಿ ಮಣ್ಣು ಸೇರುತ್ತದೆ. ಕಪ್ಪು ಬಣ್ಣಕ್ಕೆ ಇಂಗಾಲದ ಪುಡಿ ಬೆರೆಸಿದ ಬಟ್ಟೆ ಬಿಸಿಲನ್ನು ಹೆಚ್ಚು ಕಾಲ ತಾಳುತ್ತದೆ. ಮನೆಯಲ್ಲಿರುವ ಯಾವುದೇ ಬಟ್ಟೆಯನ್ನು ಪರೀಕ್ಷಿಸಲು ಅದನ್ನು ಪಾತ್ರೆಯೊಂದರ ಬಾಯಿಗೆ ಬಿಗಿದು ಒಂದು ಲೋಟ ನೀರು ಸುರಿಯಿರಿ: ನೀರು ಕೆಲವೇ ಕ್ಷಣಗಳಲ್ಲಿ ಇಳಿದುಹೋಗಬೇಕು, ಆದರೆ ಹಿಡಿ ಮಣ್ಣು ಹಾಕಿದರೆ ಅದು ಮೇಲೆಯೇ ನಿಲ್ಲಬೇಕು. ನೀರು ಅಂಟದಂತೆ, ಬೆಂಕಿ ಹತ್ತದಂತೆ, ಹುಳು ಹಿಡಿಯದಂತೆ ರಾಸಾಯನಿಕ ಲೇಪಿಸಿದ ಬಟ್ಟೆಗಳನ್ನು ತಿನ್ನುವ ಬೆಳೆಗೆ ಬಳಸಲೇಬಾರದು.

ಅಳತೆ ಸುಲಭ. ಮೇಲೆ ಹೇಳಿದ 30 ಸೆಂಟಿಮೀಟರ್ ಕುಂಡದ ಸುತ್ತಳತೆ 94 ಸೆಂಟಿಮೀಟರಿನಷ್ಟು. ಹೊಲಿಗೆಯ ಅಂಚಿಗೆ ಎರಡೂ ತುದಿಗಳಲ್ಲಿ ಒಂದೂವರೆ ಸೆಂಟಿಮೀಟರ್ ಸೇರಿಸಿ 97 ಸೆಂಟಿಮೀಟರ್ ಉದ್ದ, ಮೇಲಂಚನ್ನು ಮಡಿಸಲು ಮತ್ತು ತಳಕ್ಕೆ ಸೇರಿಸಲು ಬೇಕಾದುದನ್ನೂ ಲೆಕ್ಕ ಹಿಡಿದು 36 ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಕತ್ತರಿಸಬೇಕು. ತಳದ ವೃತ್ತದ ವ್ಯಾಸ 33 ಸೆಂಟಿಮೀಟರ್ ಇರಲಿ. ಪಟ್ಟಿಯ ಎರಡು ತುದಿಗಳನ್ನು ಹೊಲಿದು ಕೊಳವೆಯಾಗಿಸಿ, ಕೊಳವೆಯ ಅಂಚನ್ನೂ ವೃತ್ತದ ಅಂಚನ್ನೂ ನಾಲ್ಕು ಸಮಭಾಗಗಳಾಗಿ ಗುರುತಿಸಿ, ಗುರುತಿಗೆ ಗುರುತು ಕೂಡುವಂತೆ ಕ್ಲಿಪ್ ಹಾಕಿಕೊಂಡರೆ ಬಟ್ಟೆ ಎಲ್ಲಿಯೂ ನೆರಿಗೆಗಟ್ಟುವುದಿಲ್ಲ. ದುಂಡು ಹೊಲಿಯಲು ಅಳುಕುವವರು ವೃತ್ತವನ್ನೇ ಬಿಟ್ಟು, ಕೊಳವೆಯನ್ನು 12 ಸೆಂಟಿಮೀಟರ್ ಹೆಚ್ಚು ಎತ್ತರಕ್ಕೆ ಕತ್ತರಿಸಿ, ಕೆಳಬಾಯಿಯನ್ನು ನೇರವಾಗಿ ಹೊಲಿದು, ಎರಡು ಮೂಲೆಗಳನ್ನು ತ್ರಿಕೋನವಾಗಿ ಎಳೆದು ಅಡ್ಡ ಹೊಲಿದರೆ ಚೌಕ ತಳ ಸಿಗುತ್ತದೆ. ಲೆಕ್ಕದ ಪ್ರಕಾರ ಅದೇ ಸುತ್ತಳತೆಯ ಚೌಕದಲ್ಲಿ ಹಿಡಿಯುವುದು 16 ಲೀಟರಿಗೆ ತುಸು ಹೆಚ್ಚು. ಮಣ್ಣು ತುಂಬಿದ ಮೇಲೆ ಅದೂ ಉಬ್ಬಿ ಬಹುಮಟ್ಟಿಗೆ ದುಂಡಗಾಗುತ್ತದೆ. ಕತ್ತರಿಸಿದ ಅಂಚಿನಿಂದ ನಾನ್‌ವೋವನ್ ಬಟ್ಟೆಯ ಎಳೆ ಬಿಡುವುದಿಲ್ಲ, ಆದರೂ ಮೇಲಂಚನ್ನು ಮಡಿಸಿ ಹೊಲಿದರೆ ಬಾಯಿ ನೆಟ್ಟಗೆ ನಿಲ್ಲುತ್ತದೆ.

ಹೊಲಿಗೆಯಲ್ಲಿ ಬಟ್ಟೆಗಿಂತ ಮುಖ್ಯವಾದದ್ದು ದಾರ. ನಾನು ಆರಂಭದಲ್ಲಿ ಹೊಲಿದ ಒಂದು ಡಜನ್ ಕುಂಡಗಳಿಗೆ ಕೈಗೆ ಸಿಕ್ಕ ಹತ್ತಿಯ ದಾರವನ್ನೇ ಬಳಸಿದ್ದೆ. ಏಳನೆಯ ತಿಂಗಳಲ್ಲಿ ಕಾಯಿ ತುಂಬಿದ ಬದನೆ ಗಿಡವೊಂದನ್ನು ಜಾಗ ಬದಲಿಸಲು ಎತ್ತಿದಾಗ ತಳ ಹಾಗೆಯೇ ನೆಲದ ಮೇಲೆ ಉಳಿಯಿತು. ಗೋಡೆ ನನ್ನ ಕೈಯಲ್ಲಿತ್ತು, ಮಣ್ಣೆಲ್ಲ ಕಾಲ ಮೇಲೆ ಸುರಿದಿತ್ತು. ಬಟ್ಟೆಯಲ್ಲಿ ಒಂದು ತೂತೂ ಇರಲಿಲ್ಲ. ಸೂಜಿ ಹಾದ ರಂಧ್ರಗಳು ಸಾಲಾಗಿ, ಅಚ್ಚುಕಟ್ಟಾಗಿ ಹಾಗೆಯೇ ಇದ್ದವು, ಅವುಗಳಲ್ಲಿ ದಾರ ಮಾತ್ರ ಇರಲಿಲ್ಲ. ಅಂದಿನಿಂದ ಸೋಫಾ, ಬ್ಯಾಗುಗಳಿಗೆ ಬಳಸುವ ದಪ್ಪ ಪಾಲಿಯೆಸ್ಟರ್ ದಾರವನ್ನೇ ಬಳಸುತ್ತಿದ್ದೇನೆ. ಯಂತ್ರಕ್ಕೆ 16 ಅಥವಾ 18ನೆಯ ನಂಬರಿನ ಸೂಜಿ ಹಾಕಿ, ಹೊಲಿಗೆಯ ಉದ್ದವನ್ನು 3ರಿಂದ 4 ಮಿಲಿಮೀಟರಿಗೆ ಇಟ್ಟು, ತಳದ ಸುತ್ತ ಎರಡು ಸಾಲು ಹೊಲಿಯುತ್ತೇನೆ. ಹೊಲಿಗೆ ತೀರ ಒತ್ತಾದರೆ ರಂಧ್ರಗಳ ಸಾಲಿನಲ್ಲೇ ಬಟ್ಟೆ ಹರಿಯುತ್ತದೆ.

ಹಿಡಿಕೆಗಳನ್ನು ಬಾಯಂಚಿಗೆ ಮಾತ್ರ ಹೊಲಿಯುವುದು ಸಾಮಾನ್ಯವಾಗಿ ಕಾಣುವ ಇನ್ನೊಂದು ತಪ್ಪು. 20 ಲೀಟರಿನ ಕುಂಡ ನೀರು ಕುಡಿದ ಮೇಲೆ 20 ಕಿಲೋಗ್ರಾಂ ದಾಟುವುದು ಸಹಜ, ಅಷ್ಟು ಭಾರವನ್ನು ನಾಲ್ಕು ಬೆರಳಗಲದ ಹೊಲಿಗೆ ಹೊರಲಾರದು. ಬ್ಯಾಗುಗಳಿಗೆ ಬಳಸುವ ನೈಲಾನ್ ಪಟ್ಟಿಯನ್ನು ಸುಮಾರು 2.4 ಮೀಟರ್ ಉದ್ದಕ್ಕೆ ಕತ್ತರಿಸಿ, ತುದಿಗಳನ್ನು ಸೇರಿಸಿ ಒಂದೇ ಬಳಸಾಗಿಸಿ, ಅದು ತಳದ ಅಡಿಯಲ್ಲಿ ಎರಡು ಸಾಲಾಗಿ ಹಾದು ಎರಡೂ ಪಕ್ಕದಲ್ಲಿ ಮೇಲೆದ್ದು ಹಿಡಿಕೆಯಾಗುವಂತೆ ಹೊಲಿದರೆ, ಎತ್ತುವಾಗ ಭಾರವನ್ನು ಪಟ್ಟಿಯೇ ಹೊರುತ್ತದೆ. ಮುಂದೆ ನೆಲಕ್ಕೆ ವರ್ಗಾಯಿಸಬೇಕಾದ ಸಸಿಯಾದರೆ ಪಕ್ಕದ ಹೊಲಿಗೆಯನ್ನು ಸುಲಭವಾಗಿ ಬಿಚ್ಚಲು ಬರುವಂತೆ ಉದ್ದುದ್ದ ಹಾಕಿಡಿ. ಬೇರುಗಳು ಬಟ್ಟೆಯೊಳಗೆ ನಾಟಿಕೊಂಡಿರುವುದರಿಂದ ಗಿಡವನ್ನು ಹಿಡಿದೆಳೆದರೆ ಸಣ್ಣ ಬೇರುಗಳೆಲ್ಲ ಬಟ್ಟೆಯಲ್ಲೇ ಉಳಿಯುತ್ತವೆ.

ತುಂಬುವ ಮಿಶ್ರಣ ಹಗುರವಾಗಿದ್ದು ನೀರನ್ನೂ ಹಿಡಿಯಬೇಕು. ತೋಟದ ಮಣ್ಣೊಂದನ್ನೇ ತುಂಬಿದರೆ ಕೆಲವು ವಾರಗಳಲ್ಲಿ ಇಟ್ಟಿಗೆಯಂತಾಗುತ್ತದೆ. ಮಣ್ಣು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಾಗದಂತೆ ನೋಡಿಕೊಂಡು, ಉಳಿದದ್ದರಲ್ಲಿ ಕಾಂಪೋಸ್ಟ್, ತೆಂಗಿನ ನಾರಿನ ಪುಡಿ ಮತ್ತು ಒಂದಿಷ್ಟು ಒರಟು ಮರಳನ್ನು ಬೆರೆಸುವುದು ನನ್ನ ಪದ್ಧತಿ. ಮಿಶ್ರಣವನ್ನು ಮೊದಲೇ ನೀರು ಚಿಮುಕಿಸಿ ಹದಮಾಡಿಕೊಂಡು ತುಂಬಬೇಕು, ಮೇಲೆ 3 ಸೆಂಟಿಮೀಟರ್ ಬಿಡಬೇಕು.

ನೀರುಣಿಸುವುದನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಕುಂಡ ಒಮ್ಮೆ ಪೂರ್ತಿ ಒಣಗಿತೆಂದರೆ ಒಳಗಿನ ಉಂಡೆ ಕುಗ್ಗಿ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ಒಣಗಿದ ಕಾಂಪೋಸ್ಟ್ ನೀರನ್ನು ಬೇಗ ಹೀರುವುದೂ ಇಲ್ಲ. ಸುರಿದ ನೀರು ಆ ಸಂದಿನಲ್ಲೇ ಜಾರಿ ಕ್ಷಣದಲ್ಲಿ ಹೊರಗೆ ಹರಿಯುತ್ತದೆ. ನೆಲ ಒದ್ದೆಯಾದದ್ದನ್ನು ಕಂಡು ಗಿಡಕ್ಕೆ ನೀರಾಯಿತೆಂದು ನಾವು ತಿಳಿಯುತ್ತೇವೆ, ಗಿಡ ಮಾತ್ರ ಸಂಜೆಗೆ ಜೋಲುತ್ತದೆ. ಅನುಮಾನವಿದ್ದಾಗ ಹಿಡಿಕೆ ಹಿಡಿದು ಕುಂಡವನ್ನು ಒಂದು ಬದಿ ಎತ್ತಿ ನೋಡಿ, ಹಗುರವೆನಿಸಿದರೆ ನಡುವೆ ಒಣಗಿದೆ ಎಂದೇ ಅರ್ಥ. ಅಂಥ ಕುಂಡವನ್ನು ಅಗಲವಾದ ಬೋಗುಣಿಯ ನೀರಿನಲ್ಲಿ ಅರ್ಧ ಗಂಟೆ ಕೂರಿಸಿ ತಳದಿಂದ ಹೀರಲು ಬಿಡಬೇಕು. ದಿನನಿತ್ಯದಲ್ಲಿ ಬೇಕಾದ ನೀರನ್ನು ಒಮ್ಮೆಗೇ ಸುರಿಯದೆ ಹತ್ತು ನಿಮಿಷದ ಅಂತರದಲ್ಲಿ ಎರಡು ಮೂರು ಸಲ ಕೊಡುವುದು, ಹನಿ ನೀರಾವರಿಯಿದ್ದರೆ ಕುಂಡಕ್ಕೆ ಒಂದರ ಬದಲು ಎರಡು ಡ್ರಿಪ್ಪರ್ ಇಡುವುದು, ಮೇಲೆ ಒಣ ಎಲೆಗಳ ಹೊದಿಕೆ ಹಾಸುವುದು, ಕುಂಡಗಳನ್ನು ಒಂದರ ನೆರಳು ಇನ್ನೊಂದರ ಮೈಮೇಲೆ ಬೀಳುವಂತೆ ಒತ್ತೊತ್ತಾಗಿ ಇಡುವುದು, ಇವೆಲ್ಲ ನಿಜವಾಗಿ ಫಲ ಕೊಡುವ ಕ್ರಮಗಳು. ಹೆಚ್ಚು ನೀರು ಹರಿದಷ್ಟೂ ಸಾರಜನಕ, ಪೊಟ್ಯಾಸಿಯಂ ಕೂಡ ತೊಳೆದುಹೋಗುವುದರಿಂದ ಗೊಬ್ಬರವನ್ನು ಸ್ವಲ್ಪ ಸ್ವಲ್ಪವಾಗಿ, ಆದರೆ ಮೇಲಿಂದ ಮೇಲೆ ಕೊಡಬೇಕಾಗುತ್ತದೆ.

ಕೆಲವು ತಿಂಗಳಾದ ಮೇಲೆ ಕುಂಡದ ಹೊರಮೈಯಲ್ಲಿ ಬಿಳಿಯ ಪುಡಿ ಕಾಣಿಸಿಕೊಂಡರೆ ಗಾಬರಿ ಬೇಡ. ಅದು ಸಾಮಾನ್ಯವಾಗಿ ಬೂಷ್ಟಲ್ಲ. ನೀರು ಆವಿಯಾಗಿ ಹೋದಾಗ ಗಡಸು ನೀರಿನ ಸುಣ್ಣದಂಶ, ಗೊಬ್ಬರದ ಲವಣಗಳು ಅಲ್ಲೇ ಉಳಿದದ್ದು. ಒಣ ಬ್ರಷ್ಷಿನಿಂದ ಉಜ್ಜಿ ತೆಗೆದು, ತಿಂಗಳಿಗೊಮ್ಮೆ ತಳದಿಂದ ಧಾರಾಳವಾಗಿ ಹರಿಯುವಷ್ಟು ಬರೀ ನೀರು ಕೊಟ್ಟರೆ ಒಳಗಿನ ಲವಣವೂ ಇಳಿಯುತ್ತದೆ. ಹಸಿರು ಪಾಚಿಯಿಂದ ಗಿಡಕ್ಕೆ ತೊಂದರೆಯಿಲ್ಲ. ಕುಂಡವನ್ನು ನೇರವಾಗಿ ಮಣ್ಣಿನ ಮೇಲಿಟ್ಟರೆ ತಳದ ಬೇರುಗಳು ಬಟ್ಟೆ ದಾಟಿ ನೆಲಕ್ಕಿಳಿಯುತ್ತವೆ, ಕಾಂಕ್ರೀಟಿನ ಮೇಲಿಟ್ಟರೆ ಕಲೆ ಬೀಳುತ್ತದೆ. ಎರಡೂ ಕಡೆ ನಾಲ್ಕು ಇಟ್ಟಿಗೆ ಅಥವಾ ಮರದ ಪಟ್ಟಿಗಳ ಮೇಲೆ ಎತ್ತರಿಸಿಟ್ಟು ಅಡಿಯಲ್ಲಿ ಗಾಳಿಯಾಡಲು ಬಿಡಿ.

ಬೆಳೆ ಮುಗಿದ ಮೇಲೆ ಖಾಲಿ ಕುಂಡವನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿದರೆ ಬಟ್ಟೆಗೆ ಅಂಟಿದ ಬೇರುಗಳು ಕೈಯಿಂದ ಉಜ್ಜಿದೊಡನೆ ಉದುರುತ್ತವೆ. ಬಳಿಕ ತೊಳೆದು, ಮಡಿಸಿ, ನೆರಳಿನಲ್ಲಿ ಎತ್ತಿಡಬೇಕು. ಮತ್ತೆ ತುಂಬುವ ಮುನ್ನ ಬಿಸಿಲು ಹೆಚ್ಚು ಬಿದ್ದಿದ್ದ ಕಡೆಯ ಮೇಲಂಚನ್ನು ಎರಡು ಬೆರಳಿನಲ್ಲಿ ಚಿವುಟಿ ಉಜ್ಜಿ ನೋಡಿ. ಬೆರಳಿಗೆ ನಾರಿನ ಪುಡಿ ಅಂಟಿದರೆ ಆ ಕುಂಡದ ಆಯುಸ್ಸು ಮುಗಿದಿದೆ. ಸಂಶ್ಲೇಷಿತ ಬಟ್ಟೆಯಾದರೆ ಅದನ್ನು ಕಾಂಪೋಸ್ಟ್ ಗುಂಡಿಗೆ ಹಾಕದೆ ಒಣ ಕಸಕ್ಕೆ ಕೊಡಿ. ಜೀನ್ಸಿನದಾದರೆ ಪಾಲಿಯೆಸ್ಟರ್ ದಾರವನ್ನೂ ಪಟ್ಟಿಯನ್ನೂ ಬಿಚ್ಚಿಕೊಂಡು ಉಳಿದ ಹತ್ತಿಯ ಚೂರುಗಳನ್ನು ಅದೇ ಗುಂಡಿಗೆ ಸೇರಿಸಬಹುದು.