ಒಮ್ಮೆಯೂ ಭೇಟಿಯಾಗದ ಗೆಳೆಯ ತೀರಿಕೊಂಡರೆ ಇಷ್ಟು ಅಳು ಬರಬಹುದಾ?

ಪ್ರಶ್ನೆ: ಆರ್‌ಸಿಬಿ ಅಭಿಮಾನಿಗಳ ವಾಟ್ಸಾಪ್ ಗ್ರೂಪ್‌ನಲ್ಲಿ ಪರಿಚಯವಾದ ಗೆಳೆಯ ತೀರಿಕೊಂಡ. ಎಷ್ಟೋ ವರ್ಷದಿಂದ ಮಾತಾಡುತ್ತಿದ್ದೆವು, ಎದುರುಬದುರು ಸಿಕ್ಕಿರಲಿಲ್ಲ. ಮನೆಯಲ್ಲಿ "ಯಾರೋ ಏನೋ, ಅದಕ್ಕೆ ಯಾಕಿಷ್ಟು?" ಅನ್ನುತ್ತಾರೆ. ನನ್ನದು ಅತಿಯಾಯಿತಾ?

ಉತ್ತರ: ಇಲ್ಲ. ಖಂಡಿತ ಇಲ್ಲ.

ಐಪಿಎಲ್‌ನಲ್ಲಿ ಲೀಗ್ ಹಂತದಲ್ಲೇ ಒಂದು ತಂಡಕ್ಕೆ 14 ಪಂದ್ಯ. ಪ್ರತಿ ಪಂದ್ಯಕ್ಕೂ ಟಾಸ್‌ನಿಂದ ಕೊನೇ ಓವರ್‌ವರೆಗೆ, ಅವನು ಆ ಊರಲ್ಲಿ ನೀವು ಈ ಊರಲ್ಲಿ, ಮಾತಾಡುತ್ತಲೇ ಇದ್ದಿರಿ. 2017ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ನಮ್ಮ ತಂಡ 49ಕ್ಕೆ ಆಲೌಟ್ ಆದ ರಾತ್ರಿ ಯಾರು ಬೈದರು, ಯಾರು ಸುಮ್ಮನಾದರು, ಯಾರು "ಇರ್ಲಿ ಬಿಡ್ರೋ" ಅಂದು ಎಲ್ಲರನ್ನೂ ಸಮಾಧಾನ ಮಾಡಿದರು ಅನ್ನುವುದು ಅಂಥ ಗ್ರೂಪಿನವರಿಗೆ ಇವತ್ತಿಗೂ ನೆನಪಿರುತ್ತದೆ. ಸೋತ ರಾತ್ರಿ ಮನುಷ್ಯನ ಸ್ವಭಾವ ಚೆನ್ನಾಗಿ ಗೊತ್ತಾಗುತ್ತದೆ. ಅಷ್ಟು ಪರಿಚಯ ಪಕ್ಕದ ಮನೆಯವರದ್ದೂ ನಮಗಿರಲ್ಲ.

ಆಟಗಾರರ ಮೇಲಿನ ಅಭಿಮಾನ ಒಂದೇ ಕಡೆಯದು. ನಿಮ್ಮದು ಹಾಗಲ್ಲ, ಅವನೂ ನಿಮ್ಮನ್ನು "ಊಟ ಆಯ್ತಾ" ಅಂತ ಕೇಳುತ್ತಿದ್ದ. ಅದು ಸ್ನೇಹವೇ.

ಮತ್ತೆ ಯಾಕೆ ಯಾರಿಗೂ ಅರ್ಥವಾಗಲ್ಲ? ಸುತ್ತಲಿನವರು ಲೆಕ್ಕಕ್ಕೇ ತೆಗೆದುಕೊಳ್ಳದ ಇಂಥ ದುಃಖದ ಬಗ್ಗೆ ಅಮೆರಿಕದ ಸಂಶೋಧಕ ಕೆನೆತ್ ಡೋಕಾ 1980ರ ದಶಕದಲ್ಲೇ ಬರೆದಿದ್ದಾರೆ. ನಮ್ಮಲ್ಲಿ ಸಾವು ಅಂದರೆ ಒಂದಷ್ಟು ಕೆಲಸ ಇರುತ್ತದೆ: ಹೋಗಿ ಮುಖ ನೋಡುವುದು, ಮನೆಯವರ ಜೊತೆ ಕೂರುವುದು, ಬಂದು ಸ್ನಾನ ಮಾಡುವುದು, ಹನ್ನೊಂದನೇ ದಿನ, ಹದಿಮೂರನೇ ದಿನದ ಊಟ. ಅಷ್ಟೂ ಆಗುವ ಹೊತ್ತಿಗೆ ಸಾವು ನಿಜ ಅಂತ ಮನಸ್ಸು ಒಪ್ಪಿರುತ್ತದೆ. ನಿಮಗೆ ಇದ್ಯಾವುದೂ ಇಲ್ಲ. ಸುದ್ದಿ ಬಂತು, ಬೆಳಗಾದರೆ ಆಫೀಸು.

ಹಾಗಾಗಿ ಈ ದುಃಖ ಪಂದ್ಯದ ಹೊತ್ತಿಗೆ ಬರುತ್ತದೆ. ಸಂಜೆ 7:30ಕ್ಕೆ, ಮೊದಲ ವಿಕೆಟ್ ಬಿದ್ದಾಗ, ಅವನು ಏನಾದರೂ ಬರೆದಿರುತ್ತಾನೆ ಅಂತ ಕೈ ತಾನಾಗಿ ಫೋನಿಗೆ ಹೋಗುತ್ತದೆ. ಗೆದ್ದಾಗ ಇನ್ನೂ ಜಾಸ್ತಿ. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ, 18ನೇ ಸೀಸನ್‌ನಲ್ಲಿ ಕೊನೆಗೂ ಕಪ್ ನಮ್ಮದಾದಾಗ, ಇದನ್ನು ನೋಡೋಕೆ ಅವನಿರಬೇಕಿತ್ತು ಅಂತ ಗಂಟಲು ಕಟ್ಟಿದವರು ಎಷ್ಟೋ ಜನ ಇರಬೇಕು.

2014ರಲ್ಲಿ ಬ್ಯಾಟಿಂಗ್ ಮಾಡುತ್ತಿದ್ದಾಗ ಚೆಂಡು ತಗುಲಿ ಆಸ್ಟ್ರೇಲಿಯಾದ ಆಟಗಾರ ಫಿಲಿಪ್ ಹ್ಯೂಸ್ ತೀರಿಕೊಂಡಾಗ, ಅವರನ್ನು ಎಂದೂ ಕಾಣದ ಜನ ಮನೆ ಬಾಗಿಲಲ್ಲಿ ಬ್ಯಾಟ್ ಒರಗಿಸಿಟ್ಟರು. ಅಲ್ಲಿನ ಕ್ರಿಕೆಟ್ ಮಂಡಳಿ ಕ್ರಿಕೆಟ್ ಆಸ್ಟ್ರೇಲಿಯಾ ಅವರ ಆ ಕೊನೆಯ ಇನಿಂಗ್ಸನ್ನು "63 ನಾಟೌಟ್" ಅಂತ ದಾಖಲಿಸಿತು. ನಿಮ್ಮ ಗ್ರೂಪೂ ತನ್ನದೇ ಒಂದು ಕ್ರಮ ಮಾಡಿಕೊಳ್ಳಲಿ. ಮುಂದಿನ ಪಂದ್ಯಕ್ಕೆ ಮುಂಚೆ ಒಬ್ಬೊಬ್ಬರೂ ಅವನ ಬಗ್ಗೆ ಒಂದು ನೆನಪು ಬರೆಯಿರಿ.

ಆಮೇಲೆ ಅವನ ಮನೆಯವರಿಗೆ ಬರೆಯಿರಿ. "ನಾನು ಅವರಿಗೆ ಯಾರೂ ಅಲ್ಲ" ಅಂತ ಹೆಚ್ಚಿನವರು ಇಲ್ಲೇ ಹಿಂಜರಿಯುತ್ತಾರೆ. ಆದರೆ ಮಗ ರಾತ್ರಿಯೆಲ್ಲ ಫೋನ್ ಹಿಡಿದು ಕೂರುತ್ತಿದ್ದ ಅನ್ನುವುದಷ್ಟೇ ಅವರು ಕಂಡಿದ್ದು. ಆ ಕಡೆ ಯಾರಿದ್ದರು, ಅವರಿಗೆ ಅವನು ಏನಾಗಿದ್ದ ಅನ್ನುವುದು ನಿಮಗೆ ಮಾತ್ರ ಗೊತ್ತು. ಕಾರ್ಯವೆಲ್ಲ ಮುಗಿದ ಮೇಲೆ, ನಾಲ್ಕೇ ಸಾಲು ಸಾಕು: "ಅಮ್ಮ, ನಮಸ್ಕಾರ. ನಾನು ಹುಬ್ಬಳ್ಳಿಯವನು, ನಿಮ್ಮ ಮಗನ ಕ್ರಿಕೆಟ್ ಗೆಳೆಯ. ನಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ಬೆಳಗಿನ ಜಾವದವರೆಗೂ ಅವನು ನನ್ನ ಜೊತೆ ಮಾತಾಡುತ್ತಿದ್ದ. ನೀವು ಉತ್ತರ ಬರೆಯಲೇಬೇಕು ಅಂತಿಲ್ಲ." ಹೇಗೆ ಸತ್ತ ಅಂತ ಕೆದಕಬೇಡಿ. ಗ್ರೂಪಿನಲ್ಲಿ ಹಣ ಸೇರಿಸುವುದಾದರೆ ಮನೆಯವರನ್ನು ಕೇಳಿಯೇ ಮಾಡಿ.

ವಾರಗಟ್ಟಲೆ ನಿದ್ದೆ, ಊಟ ಸರಿಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ವಿಷಯ ಮೊದಲೇ ಗೊತ್ತಿರಲಿ. ಬಳಕೆಯಲ್ಲಿಲ್ಲದ ಖಾತೆಯನ್ನು ವಾಟ್ಸಾಪ್ ಸಾಮಾನ್ಯವಾಗಿ 120 ದಿನಗಳ ನಂತರ ಅಳಿಸುತ್ತದೆ. ಆಗ ಅವನು ಗ್ರೂಪ್ ಬಿಟ್ಟುಹೋದ ಅನ್ನುವ ಸಾಲು ಇದ್ದಕ್ಕಿದ್ದಂತೆ ಕಾಣಬಹುದು, ಗೊತ್ತಿಲ್ಲದವರಿಗೆ ಎದೆ ಧಸಕ್ಕೆನ್ನುತ್ತದೆ. ನಿಮ್ಮಿಬ್ಬರ ಚಾಟನ್ನು ಈಗಲೇ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಅವನ ವಾಯ್ಸ್ ಮೆಸೇಜುಗಳಿದ್ದರೆ ಬೇರೆ ಕಡೆಯೂ ಒಂದು ಪ್ರತಿ ಇರಲಿ. ಅವು ಬೇಕಾ ಅಂತ ಅವನ ಮನೆಯವರನ್ನೂ ಒಮ್ಮೆ ಕೇಳಿ.