ಲೀ ಯೊಂಗ್-ಡೇಗೆ ಸ್ಮ್ಯಾಶ್ ಅಂದ್ರೆ ಯಾಕೆ ಭಯವಿರಲಿಲ್ಲ?

ಬ್ಯಾಡ್ಮಿಂಟನ್ ಅಂದ ಕೂಡಲೇ ನಮಗೆಲ್ಲ ಮೊದಲು ನೆನಪಾಗುವುದು ಸ್ಮ್ಯಾಶ್, ಅಂದರೆ ಮೇಲಿಂದ ಕೆಳಕ್ಕೆ ರಪ್ಪನೆ ಬಾರಿಸುವ ಹೊಡೆತ. 2023ರಲ್ಲಿ ನಮ್ಮ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಜಪಾನಿನಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ ಗಂಟೆಗೆ 565 ಕಿ.ಮೀ. ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದಾಗ ಎಲ್ಲರ ಬಾಯಲ್ಲೂ ಅದೇ ಸುದ್ದಿ. ಸರಿ, ಹೆಮ್ಮೆಯ ವಿಷಯವೇ. ಆದರೆ ನೆಟ್‌ನ ಆಚೆ ನಿಂತು ಅಂಥ ಹೊಡೆತಗಳನ್ನು ಸುಮ್ನೆ ರಾಕೆಟ್ ಒಡ್ಡಿ ತಣ್ಣಗೆ ಮಾಡುವವರೂ ಇದ್ದಾರಲ್ಲ, ಅವರ ಬಗ್ಗೆ ಮಾತಾಡುವವರು ಕಡಿಮೆ. ದಕ್ಷಿಣ ಕೊರಿಯಾದ ಲೀ ಯೊಂಗ್-ಡೇ ಆ ಜಾತಿಯ ಆಟಗಾರ.

ಹುಟ್ಟಿದ್ದು 1988ರಲ್ಲಿ, ದಕ್ಷಿಣ ಜೊಲ್ಲಾ ಪ್ರಾಂತ್ಯದ ಹ್ವಾಸುನ್ ಎಂಬಲ್ಲಿ. ಈಗ ಅಲ್ಲಿ ಅವನ ಹೆಸರಿನದೇ ಕ್ರೀಡಾಂಗಣವಿದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದಾಗ ಇನ್ನೂ 20 ತುಂಬಿರಲಿಲ್ಲ. ಪುರುಷರ ಡಬಲ್ಸ್‌ನಲ್ಲಿ ಜಂಗ್ ಜೇ-ಸಂಗ್ ಜೊತೆ ಪದಕದ ಆಸೆ ಇಟ್ಟುಕೊಂಡು ಹೋಗಿ ಮೊದಲ ಪಂದ್ಯದಲ್ಲೇ ಸೋತ. ಮಿಕ್ಸೆಡ್ ಡಬಲ್ಸ್‌ನಲ್ಲಿ ತನಗಿಂತ 7 ವರ್ಷ ದೊಡ್ಡವಳಾದ ಲೀ ಹ್ಯೊ-ಜಂಗ್ ಜೊತೆ ಆಡಿ, ಫೈನಲ್‌ನಲ್ಲಿ ಇಂಡೊನೇಷ್ಯಾದ ನೋವಾ ವಿಡಿಯಾಂಟೊ-ಲಿಲಿಯಾನಾ ನಾಟ್ಸಿರ್ ಜೋಡಿಯನ್ನು 21-11, 21-17ರಲ್ಲಿ ಸೋಲಿಸಿ ಚಿನ್ನ ಗೆದ್ದ. ಗೆದ್ದ ಖುಷಿಯಲ್ಲಿ ಕ್ಯಾಮೆರಾ ಕಡೆ ನೋಡಿ ಕಣ್ಣು ಹೊಡೆದ. ಅಷ್ಟೇ, ಕೊರಿಯಾಕ್ಕೆ ಹುಚ್ಚು ಹಿಡಿಯಿತು! ಆಮೇಲೆ ವರ್ಷಗಟ್ಟಲೆ ಪತ್ರಿಕೆಗಳು ಅವನನ್ನು ಕಣ್ಣು ಹೊಡೆದ ಹುಡುಗ ಅಂತಲೇ ಕರೆದವು.

ಇರಲಿ, ನನಗೆ ಆ ಕಣ್ಣಿಗಿಂತ ಅವನು ಎದುರಾಳಿಯನ್ನು ನೋಡುತ್ತಿದ್ದ ಕಣ್ಣು ಮುಖ್ಯ. ಅದಕ್ಕೆ ಸ್ವಲ್ಪ ಭೌತವಿಜ್ಞಾನ ಬೇಕು.

ಶಟಲ್‌ನ ತೂಕ ಸುಮಾರು 5 ಗ್ರಾಂ. ಬೆಂಡಿನ ತಲೆ, ಅದಕ್ಕೆ ಸಿಕ್ಕಿಸಿದ 16 ಗರಿ. ಇಷ್ಟು ಹಗುರವಾದ, ಇಷ್ಟು ಅಗಲಕ್ಕೆ ಗಾಳಿಯನ್ನು ತಡೆಯುವ ವಸ್ತು ಬೇರೆ ಯಾವ ಆಟದಲ್ಲೂ ಇಲ್ಲ ಅನ್ನಬಹುದು. ಎಷ್ಟು ಎತ್ತರದಿಂದ ಬಿಟ್ಟರೂ ಅದು ಸೆಕೆಂಡಿಗೆ 6.8 ಮೀಟರ್ ಆಸುಪಾಸಿಗಿಂತ ಜಾಸ್ತಿ ವೇಗದಲ್ಲಿ ಬೀಳುವುದಿಲ್ಲ, ಗಾಳಿ ಬಿಡುವುದಿಲ್ಲ. ಈ ಒಂದು ಸಂಖ್ಯೆ ಹಿಡಿದು ಲೆಕ್ಕ ಹಾಕಿದರೆ ಒಂದು ಮಜವಾದ ವಿಷಯ ಸಿಗುತ್ತದೆ: ಹೊಡೆದ ಶಟಲ್ ಪ್ರತಿ ಮೂರೂಕಾಲು ಮೀಟರಿಗೆ ತನ್ನ ಅರ್ಧ ವೇಗ ಕಳೆದುಕೊಳ್ಳುತ್ತದೆ. ರಾಕೆಟ್ ಬಿಟ್ಟಾಗ ಗಂಟೆಗೆ 400 ಕಿ.ಮೀ. ಇದ್ದದ್ದು 9 ಮೀಟರ್ ದಾಟುವಷ್ಟರಲ್ಲಿ 60ಕ್ಕೆ ಇಳಿದಿರುತ್ತದೆ. ಟಿವಿಯಲ್ಲಿ ತೋರಿಸುವ ವೇಗ ಹೊಡೆದವನ ಹತ್ತಿರದ್ದು. ತಡೆಯುವವನಿಗೆ ಬಂದು ಮುಟ್ಟುವುದು ಪೇಟೆ ರಸ್ತೆಯ ಬೈಕಿನ ವೇಗ.

ಹಾಗಂತ ಸುಲಭ ಅಂದುಕೊಳ್ಳಬೇಡಿ. ಆ 9 ಮೀಟರ್ ದಾಟಲು ಶಟಲ್ ತೆಗೆದುಕೊಳ್ಳುವುದು ಕಾಲು ಸೆಕೆಂಡ್ ಅಷ್ಟೇ, ಒಗ್ಗರಣೆಯ ಸಾಸಿವೆ ಸಿಡಿದಾಗ ಕೈ ಎಳೆದುಕೊಳ್ಳುವಷ್ಟು ಹೊತ್ತು. ಕಣ್ಣಿಗೆ ಬಿದ್ದದ್ದು ಮಿದುಳಿಗೆ ಹೋಗಿ, ಅಲ್ಲಿಂದ ಕೈಗೆ ಆಜ್ಞೆ ಬಂದು, ಕೈ ಅಲ್ಲಾಡಲು ಶುರುವಾಗುವುದಕ್ಕೇ ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಉಳಿಯುವುದು ಚಿಲ್ಲರೆ. ಆದರೆ ಒಂದೇ ಒಂದು ಮೀಟರ್ ಹಿಂದೆ ಸರಿದು ನಿಂತರೆ, ಅಂದರೆ 10 ಮೀಟರ್ ದೂರದಲ್ಲಿದ್ದರೆ, ಸಿಗುವ ಸಮಯ 0.31 ಸೆಕೆಂಡ್. ಶಟಲ್ ಮೊದಲ 6 ಮೀಟರನ್ನು 0.11 ಸೆಕೆಂಡಿನಲ್ಲಿ ದಾಟಿ, ಕೊನೆಯ 4 ಮೀಟರಿಗೆ ಹತ್ತಿರ ಹತ್ತಿರ ಅದರ ಎರಡರಷ್ಟು ಹೊತ್ತು ತೆಗೆದುಕೊಳ್ಳುವುದರಿಂದ ಹೀಗಾಗುತ್ತದೆ. ಡಬಲ್ಸ್‌ನಲ್ಲಿ ಶಟಲನ್ನು ಮೇಲೆತ್ತಿ ಕೊಟ್ಟ ಕೂಡಲೇ ಇಬ್ಬರೂ ಪಕ್ಕಪಕ್ಕಕ್ಕೆ ಬಂದು ಕೋರ್ಟಿನ ಮಧ್ಯದಿಂದ ತುಸು ಹಿಂದಕ್ಕೆ ನಿಲ್ಲುತ್ತಾರಲ್ಲ, ಅದರ ಹಿಂದೆ ಇರುವುದು ಇದೇ ಲೆಕ್ಕ.

ಲೀಯ ಬ್ಯಾಕ್‌ಹ್ಯಾಂಡ್ ಡಿಫೆನ್ಸ್, ಅಂದರೆ ಕೈಯ ಹಿಂಬದಿ ಎದುರಾಳಿಯ ಕಡೆಗಿಟ್ಟು ಸ್ಮ್ಯಾಶ್ ತಡೆಯುವುದನ್ನು, ವಿಡಿಯೊದಲ್ಲಿ ನಿಧಾನ ಮಾಡಿ ನೋಡಿ. ಮೊಣಕೈ ಹೊಟ್ಟೆಗಿಂತ ಮುಂದೆ. ರಾಕೆಟ್ ಸೊಂಟದ ಎದುರಿಗೆ. ಹೆಬ್ಬೆರಳು ಹಿಡಿಯ ಅಗಲವಾದ ಮುಖದ ಮೇಲೆ. ಹಿಂದಕ್ಕೆ ಬೀಸುವುದೇ ಇಲ್ಲ, ಬೀಸಲು ಸಮಯ ಎಲ್ಲಿದೆ? ಬೆರಳು ಸಡಿಲವಾಗಿಯೇ ಇರುತ್ತದೆ, ಶಟಲ್ ತಾಗುವ ಕ್ಷಣಕ್ಕೆ ಬಿಗಿಯಾಗುತ್ತದೆ. ಬಿಗಿ ಮಾಡಿದರೆ ಶಟಲ್ ಚಪ್ಪಟೆಯಾಗಿ ಎದುರಾಳಿಯ ಎದೆಗೆ ಹೋಗುತ್ತದೆ, ಸಡಿಲ ಬಿಟ್ಟರೆ ನೆಟ್ ದಾಟಿ ಅಲ್ಲೇ ಬೀಳುತ್ತದೆ. ಎರಡೂ ಕೊನೆಯ ಗಳಿಗೆಯ ತೀರ್ಮಾನ. ಜಿಗಿದು ಹೊಡೆದವನು ಇನ್ನೂ ಸರಿಯಾಗಿ ನೆಲಕ್ಕೆ ಕಾಲೂರಿರುವುದಿಲ್ಲ, ಅಷ್ಟರಲ್ಲಿ ಅವನ ಶಟಲ್ ವಾಪಸ್.

ಇದು ಬರೀ ಚುರುಕುತನ ಅಲ್ಲ. 1987ರಲ್ಲಿ ಬ್ರೂಸ್ ಅಬರ್ನೆತಿ ಮತ್ತು ಡೇವಿಡ್ ರಸೆಲ್ ಎಂಬ ಸಂಶೋಧಕರು ಬ್ಯಾಡ್ಮಿಂಟನ್ ಆಟಗಾರರಿಗೆ ಎದುರಾಳಿ ಹೊಡೆಯುವ ಫಿಲ್ಮ್ ತೋರಿಸಿ, ಬೇರೆ ಬೇರೆ ಕ್ಷಣದಲ್ಲಿ ಅದನ್ನು ಕತ್ತರಿಸಿ, ಶಟಲ್ ಎಲ್ಲಿ ಬೀಳುತ್ತದೆ ಹೇಳಿ ಎಂದು ಕೇಳಿದರು. ದೇಹದ ಕೆಲವು ಭಾಗಗಳನ್ನು ಮರೆಮಾಡಿಯೂ ಕೇಳಿದರು. ಹೊಸಬರಿಗೆ ಸುಳಿವು ಸಿಗುತ್ತಿದ್ದದ್ದು ರಾಕೆಟ್‌ನಿಂದ ಮಾತ್ರ. ಪಳಗಿದವರು ರಾಕೆಟ್ ಜೊತೆಗೆ ಅದನ್ನು ಹಿಡಿದ ತೋಳನ್ನೂ ಓದುತ್ತಿದ್ದರು. ತೋಳು ರಾಕೆಟ್‌ಗಿಂತ ಮೊದಲೇ ಅಲ್ಲಾಡುತ್ತದೆ, ಅಲ್ವಾ? ಹಾಗಾಗಿ ಶಟಲ್ ರಾಕೆಟ್‌ಗೆ ತಾಗುವ ಮೊದಲೇ ಅವರಿಗೆ ಅರ್ಧ ಉತ್ತರ ಗೊತ್ತು. ಲೀ ಪ್ರಯೋಗಾಲಯದಲ್ಲಿ ಕೂತು ಇದನ್ನೇನೂ ಕಲಿತಿರಲಿಕ್ಕಿಲ್ಲ, ಆದರೆ ಅವನ ಆಟ ನೋಡಿದವರಿಗೆ ಈ ಪ್ರಯೋಗದ ಫಲಿತಾಂಶ ಅಚ್ಚರಿ ತರುವುದಿಲ್ಲ.

ಜಂಗ್ ಜೇ-ಸಂಗ್ ಜೊತೆ ಆಡುವಾಗ ಇದಕ್ಕೆ ಇನ್ನೊಂದು ಉಪಯೋಗವಿತ್ತು. ಜಂಗ್ ಎತ್ತರ ಬರೀ 168 ಸೆಂ.ಮೀ. ಆದರೆ ಸ್ಪ್ರಿಂಗ್ ಇಟ್ಟವನಂತೆ ಜಿಗಿದು ಹಿಂದಿನಿಂದ ಸ್ಮ್ಯಾಶ್ ಮೇಲೆ ಸ್ಮ್ಯಾಶ್ ಹೊಡೆಯುತ್ತಿದ್ದ. 180 ಸೆಂ.ಮೀ. ಲೀ ನೆಟ್ ಹತ್ತಿರ ಕಾದು, ವಾಪಸ್ ಬಂದದ್ದನ್ನು ಮಧ್ಯದಲ್ಲೇ ಹಿಡಿದು ಮುಗಿಸುತ್ತಿದ್ದ. ಎತ್ತರದವನು ಹಿಂದೆ ಇರಬೇಕು ಎನ್ನುವ ಸಾಮಾನ್ಯ ಲೆಕ್ಕಕ್ಕೆ ಉಲ್ಟಾ. ಬ್ಯಾಡ್ಮಿಂಟನ್‌ನ ಹಳೆಯ, ಪ್ರತಿಷ್ಠಿತ ಟೂರ್ನಿ ಆಲ್ ಇಂಗ್ಲೆಂಡನ್ನು ಎರಡು ಸಲ, 2008 ಮತ್ತು 2012ರಲ್ಲಿ ಗೆದ್ದರು. ಲಂಡನ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಡೆನ್ಮಾರ್ಕಿನ ಬೋ-ಮೊಗೆನ್ಸನ್ ಜೋಡಿಯ ಎದುರು ಮೂರನೇ ಗೇಮ್‌ನಲ್ಲಿ ಕೂದಲೆಳೆಯಲ್ಲಿ ಸೋತು ಕಂಚಿಗೆ ತೃಪ್ತಿಪಟ್ಟರು. ಜಂಗ್ 2018ರಲ್ಲಿ, 35ನೇ ವಯಸ್ಸಿಗೇ ತೀರಿಕೊಂಡ.

2014ರ ಜನವರಿಯಲ್ಲಿ ಲೀಗೆ ಒಂದು ವರ್ಷ ನಿಷೇಧ. ಮದ್ದು ತಿಂದದ್ದಕ್ಕಲ್ಲ. ಡೋಪಿಂಗ್ ಪರೀಕ್ಷೆಗೆ ಎಲ್ಲಿ ಸಿಗುತ್ತಾರೆ ಎಂಬ ವಿವರವನ್ನು ಕೊರಿಯಾದ ಬ್ಯಾಡ್ಮಿಂಟನ್ ಸಂಸ್ಥೆ ಸರಿಯಾಗಿ ಕೊಟ್ಟಿರಲಿಲ್ಲ. ತಪ್ಪು ಕಚೇರಿಯದು ಎಂದು ಸ್ಪಷ್ಟವಾದ ಮೇಲೆ ಏಪ್ರಿಲ್‌ನಲ್ಲಿ ನಿಷೇಧ ರದ್ದಾಯಿತು. ಆ ವರ್ಷವೇ ಯೂ ಯೊನ್-ಸಂಗ್ ಜೊತೆ ವಿಶ್ವದ ನಂಬರ್ 1 ಆದ. ಆದರೂ ವಿಶ್ವ ಚಾಂಪಿಯನ್‌ಶಿಪ್ ಮಾತ್ರ ಕೈಗೆ ಬರಲೇ ಇಲ್ಲ. 2007, 2009, 2014, ಮೂರು ಫೈನಲ್‌ಗಳಲ್ಲೂ ಸೋಲು, ಮೂರನೆಯದು ತಮ್ಮದೇ ದೇಶದ ಜೋಡಿಯ ಎದುರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಗ್ರ ಶ್ರೇಯಾಂಕ ಇದ್ದೂ ಕ್ವಾರ್ಟರ್‌ಫೈನಲ್‌ನಲ್ಲಿ ಮನೆಗೆ. ಅದೇ ವರ್ಷ ಕೊರಿಯಾ ಓಪನ್ ಗೆದ್ದು ರಾಷ್ಟ್ರೀಯ ತಂಡ ಬಿಟ್ಟ.

ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. 2017ರಲ್ಲಿ ಮಲೇಷ್ಯಾದ ತಾನ್ ಬೂನ್ ಹಿಯಾಂಗ್ ಜೊತೆ ಆಡಿದ. ಸಾತ್ವಿಕ್‌ಗಿಂತ ಮೊದಲು 493 ಕಿ.ಮೀ.ಯ ಸ್ಮ್ಯಾಶ್ ದಾಖಲೆ ಈ ತಾನ್‌ನದೇ! ಭಾರತದ ಪ್ರೀಮಿಯರ್ ಬ್ಯಾಡ್ಮಿಂಟನ್ ಲೀಗಿಗೂ ಬಂದ. 2019ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಫೈನಲ್‌ನಲ್ಲಿ ಬೆಂಗಳೂರು ರ‍್ಯಾಪ್ಟರ್ಸ್ ಎದುರು ಸೋತ ಮುಂಬೈ ರಾಕೆಟ್ಸ್ ತಂಡದಲ್ಲಿದ್ದ.

ನನಗೆ ತುಂಬಾ ಇಷ್ಟವಾದದ್ದು 2020ರ ಜನವರಿಯ ಮಲೇಷ್ಯಾ ಮಾಸ್ಟರ್ಸ್ ಫೈನಲ್. ಲೀಗೆ ಆಗ 31. ಜೊತೆಗಾರ ಕಿಮ್ ಗಿ-ಜಂಗ್. ಎದುರಿಗೆ ಚೀನಾದ ಲಿ ಜುನ್‌ಹುಯಿ ಮತ್ತು ಲಿಯು ಯುಚೆನ್, ಇಬ್ಬರೂ 190 ಸೆಂ.ಮೀ. ದಾಟಿದವರು, 2018ರ ವಿಶ್ವ ಚಾಂಪಿಯನ್ನರು. ಅಷ್ಟು ಎತ್ತರದಿಂದ ಬರುವ ಸ್ಮ್ಯಾಶ್ ಕಡಿದಾಗಿ ಇಳಿಯುತ್ತದೆ, ತಡೆಯುವುದು ಇನ್ನೂ ಕಷ್ಟ. ಸ್ಕೋರು 21-14, 21-16. ಗೆದ್ದದ್ದು ಕೊರಿಯನ್ನರು, ಅದೂ ಎರಡೇ ಗೇಮ್‌ನಲ್ಲಿ.