ಮಹಾಸ್ಫೋಟ ಆಗಿದ್ದು ಎಲ್ಲಿ?

ವಿಶ್ವದ ಹುಟ್ಟಿನ ಬಗ್ಗೆ ನಾನು ಎಲ್ಲಿ ಮಾತಾಡಿದರೂ ಕೊನೆಗೆ ಈ ಪ್ರಶ್ನೆ ಬಂದೇ ಬರುತ್ತದೆ. ತಪ್ಪು ಕೇಳುವವರದ್ದಲ್ಲ. ಟಿವಿಯಲ್ಲಿ ತೋರಿಸುವುದೇ ಹಾಗೆ: ಕತ್ತಲಲ್ಲೊಂದು ಚುಕ್ಕಿ, ಢಂ ಅಂತ ಸಿಡಿಯುತ್ತದೆ. ಆದರೆ ಚುಕ್ಕಿಯ ಸುತ್ತ ಕತ್ತಲಿದ್ದರೆ ಜಾಗ ಆಗಲೇ ಇತ್ತು ಅಂತಾಯ್ತು, ಅಲ್ವಾ?

ಲೆಕ್ಕ ಬೇರೆಯೇ ಹೇಳುತ್ತದೆ. ನಮಗೆ ಕಾಣುವ ವಿಶ್ವದ ಅಂಚು ಇವತ್ತು ಸುಮಾರು 4,600 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ವಿಶ್ವಕ್ಕೆ 3,80,000 ವರ್ಷ ವಯಸ್ಸಾಗಿದ್ದಾಗ ಎಲ್ಲ ದೂರಗಳೂ ಈಗಿನ 1,100ರಲ್ಲಿ ಒಂದು ಪಾಲಿನಷ್ಟಿದ್ದವು. ಅಂದರೆ ಅದೇ ಅಂಚು ಆಗ ಬರೀ 4 ಕೋಟಿ ಜ್ಯೋತಿರ್ವರ್ಷ ಆಚೆ ಇತ್ತು. ಇನ್ನೂ ಹಿಂದೆ ಹೋದರೆ ಇನ್ನೂ ಚಿಕ್ಕದು. ಆದರೆ ಕುಗ್ಗಿದ್ದು ನಮಗೆ ಕಾಣುವ ತುಂಡು ಮಾತ್ರ. ಇಡೀ ವಿಶ್ವಕ್ಕೆ ಕೊನೆಯೇ ಇಲ್ಲದಿದ್ದರೆ? ಅನಂತವನ್ನು 1,100ರಿಂದ ಭಾಗಿಸಿದರೂ ಅನಂತವೇ. ಪ್ಲಾಂಕ್ ಉಪಗ್ರಹದ ಅಳತೆಯ ಪ್ರಕಾರ ವಿಶ್ವ ಹೆಚ್ಚುಕಡಿಮೆ ಚಪ್ಪಟೆ, ಅಂದರೆ ಒಟ್ಟಾರೆ ಜಾಗ ಬಾಗಿಲ್ಲ. ಹಾಗಾಗಿ ಅನಂತದ ಮಾತನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. (ಚಪ್ಪಟೆಯಾಗಿದ್ದೂ ಸುತ್ತಿಬಂದು ತನ್ನನ್ನೇ ಸೇರುವ ಆಕಾರಗಳೂ ಇವೆ. ಆ ಕಥೆ ಇನ್ನೊಮ್ಮೆ.)

ಹಾಗಾದರೆ ಎಲ್ಲ ಶುರುವಾದ ಆ ಸೊನ್ನೆ ಕ್ಷಣದಲ್ಲಿ ಏನಿತ್ತು? ರಷ್ಯಾದ ಗಣಿತಜ್ಞ ಫ್ರೀಡ್‌ಮನ್ 1922ರಲ್ಲಿ ಕೊಟ್ಟ ಮಾದರಿಯಲ್ಲಿ ವಿಶ್ವ ಎಲ್ಲ ಕಡೆ ಒಂದೇ ಸಮ. ಅಷ್ಟು ಅಚ್ಚುಕಟ್ಟಾಗಿದ್ದರೆ ಹಿಂದಕ್ಕೆ ಓಡಿಸಿದಾಗ ಎಲ್ಲ ಒಟ್ಟಿಗೆ ಬಂದು ಬೀಳುತ್ತದೆ, ಅದರಲ್ಲೇನು ಆಶ್ಚರ್ಯ? ಸ್ವಲ್ಪ ಓರೆಕೋರೆ ಇದ್ದರೆ ತಪ್ಪಿಸಿಕೊಳ್ಳಬಹುದೇನೋ ಎಂಬ ಅನುಮಾನ ಹಲವರಿಗಿತ್ತು. ಕೋಲ್ಕತ್ತಾದ ಭೌತವಿಜ್ಞಾನಿ ಅಮಲ್ ಕುಮಾರ್ ರಾಯಚೌಧುರಿ ಆ ಅಚ್ಚುಕಟ್ಟನ್ನು ಬಿಟ್ಟೇ ಲೆಕ್ಕ ಹಾಕಿದರು. 1955ರಲ್ಲಿ ಪ್ರಕಟವಾದ ಅವರ ಸಮೀಕರಣದಲ್ಲಿ ವಸ್ತುವಿನ ಗುರುತ್ವ ಕಣಗಳು ಸಾಗುವ ದಾರಿಗಳನ್ನು ಒಂದೆಡೆ ಸೆಳೆಯುತ್ತದೆ. ಒಂದು ದಿಕ್ಕಿನಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಹಿಗ್ಗುವ ಓರೆತನ ತಡೆಯುವ ಬದಲು ಸೆಳೆತಕ್ಕೇ ಸೇರಿಕೊಳ್ಳುತ್ತದೆ. ಸಾಮಾನ್ಯ ವಸ್ತುವಿದ್ದಾಗ ಅಡ್ಡ ನಿಲ್ಲಬಲ್ಲದ್ದು ಸುತ್ತು, ಅಂದರೆ ವಸ್ತು ಗಿರಗಿರನೆ ತಿರುಗುವುದು ಮಾತ್ರ. ಇಷ್ಟು ದೊಡ್ಡ ಮಾತನ್ನು ಇಷ್ಟು ಚಿಕ್ಕ ಸಮೀಕರಣ ಹೇಳುವುದು ನನಗೆ ಇವತ್ತಿಗೂ ಬೆರಗು.

ಇದನ್ನೇ ಹಿಡಿದು ಪೆನ್‌ರೋಸ್ ಮತ್ತು ಹಾಕಿಂಗ್ 1970ರ ಹೊತ್ತಿಗೆ ಪ್ರಮೇಯ ಕಟ್ಟಿದರು. ಅದು ಹೇಳುವುದು ಚುಕ್ಕಿಯ ಬಗ್ಗೆ ಅಲ್ಲ. ಕಾಲದಲ್ಲಿ ಹಿಂದಕ್ಕೆ ಹೋಗುವ ದಾರಿಗಳಲ್ಲಿ ಕೆಲವಾದರೂ ಎಲ್ಲೋ ಮುಗಿದುಹೋಗುತ್ತವೆ ಅಂತ, ಅಷ್ಟೇ. ಅದು ಕಾಲದ ಅಂಚು, ಜಾಗವಲ್ಲ.

1983ರಲ್ಲಿ ಹಾರ್ಟಲ್ ಮತ್ತು ಹಾಕಿಂಗ್ ಅತಿ ಸಣ್ಣ ಕಣಗಳ ಲೋಕದ ಕ್ವಾಂಟಂ ನಿಯಮ ಸೇರಿಸಿ ಆ ಅಂಚನ್ನೂ ದುಂಡಗೆ ಮಾಡಿದರು. ಆರಂಭದ ಹತ್ತಿರ ಕಾಲವೂ ಜಾಗದಂತೆ ನಡೆದುಕೊಳ್ಳುತ್ತದೆ, ಮೊನೆ ಇರುವುದಿಲ್ಲ. 2017ರಲ್ಲಿ ಭೌತವಿಜ್ಞಾನಿ ಟ್ಯೂರಾಕ್ ಮತ್ತು ಸಂಗಡಿಗರು ತಕರಾರು ತೆಗೆದರು: ಹಾಗೆ ಹುಟ್ಟುವ ವಿಶ್ವದಲ್ಲಿ ಸಣ್ಣ ಏರುಪೇರುಗಳು ಅಂಕೆ ಮೀರಿ ಬೆಳೆಯುತ್ತವೆ ಅಂತ. ಹಾರ್ಟಲ್ ಕಡೆಯವರು ಒಪ್ಪಲಿಲ್ಲ. ಜಗಳ ಇನ್ನೂ ಬಗೆಹರಿದಿಲ್ಲ.